ಆಟದ ನಂತರದ ಪಿರಿಯಡ್: ಏಳನೇ ತರಗತಿಯ ಉಸಿರಾಟದ ಪಾಠವೂ ಉಬ್ಬಸದ ಮಕ್ಕಳೂ

ಏಳನೇ ತರಗತಿಯ ವಿಜ್ಞಾನದಲ್ಲಿ ಬರುವ ‘ಜೀವಿಗಳಲ್ಲಿ ಉಸಿರಾಟ’ ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಕಾರಣ ಸರಳ. ಇದರ ಮುಖ್ಯ ಚಟುವಟಿಕೆಗೆ ಖರ್ಚಿಲ್ಲ, ಉಪಕರಣ ಬೇಡ, ಮಕ್ಕಳಿಗೂ ಇಷ್ಟ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೇವೆ, ಬಿರುಸಾಗಿ ನಡೆದಾಗ ಎಷ್ಟು, ಓಡಿದ ಮೇಲೆ ಎಷ್ಟು ಎಂದು ಮಕ್ಕಳೇ ಎಣಿಸಿ ಕೋಷ್ಟಕ ತುಂಬುತ್ತಾರೆ. ಶ್ರಮ ಹೆಚ್ಚಿದಂತೆ ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕು, ಆದ್ದರಿಂದ ಉಸಿರಾಟದ ದರ ಏರುತ್ತದೆ ಎಂಬ ತೀರ್ಮಾನಕ್ಕೆ ಅವರೇ ಬರುತ್ತಾರೆ. ಪಾಠ ವೀಕ್ಷಣೆಗೆ ಹೋದವರಿಗೂ ನೋಡಲು ಚೆನ್ನಾಗಿರುತ್ತದೆ.

ಹಲವು ವರ್ಷಗಳಿಂದ ಮೈಸೂರು ನಗರದ ಶಾಲೆಗಳಲ್ಲಿ ಈ ಪಾಠದ ವೀಕ್ಷಣೆ ಮಾಡುತ್ತಿರುವ ನಾನು ಒಂದು ವಿಷಯ ಗಮನಿಸಿದ್ದೇನೆ. ಓಟ ನಿಂತ ಒಂದು ನಿಮಿಷಕ್ಕೆ ಎಣಿಕೆ ಮುಗಿಯುತ್ತದೆ. ಪಾಠ ಕಪ್ಪುಹಲಗೆಯ ಕಡೆಗೆ ತಿರುಗುತ್ತದೆ. ಆದರೆ ಕೆಲವು ಮಕ್ಕಳ ಎದೆಯಲ್ಲಿ ನಿಜವಾದ ತೊಂದರೆ ಶುರುವಾಗುವುದೇ ಆಮೇಲೆ. ಓಡುವಾಗಲ್ಲ, ನಿಂತ ಐದು ಹತ್ತು ನಿಮಿಷದ ನಂತರ. ಅಂದರೆ ದೈಹಿಕ ಶಿಕ್ಷಣ ಶಿಕ್ಷಕರ ಕಣ್ಣೆದುರಿಗಲ್ಲ, ಅವರ ನಂತರದ ಪಿರಿಯಡ್ ತೆಗೆದುಕೊಳ್ಳುವ ನಮ್ಮ ನಿಮ್ಮ ಕಣ್ಣೆದುರಿಗೆ. ಕನ್ನಡವೋ ಗಣಿತವೋ ವಿಜ್ಞಾನವೋ, ಆಟದ ನಂತರದ ಪಿರಿಯಡ್ ಯಾರದೋ ಅವರೇ ಈ ತೊಂದರೆಯ ಮೊದಲ ಸಾಕ್ಷಿ. ಈ ಒಂದು ಮಾತನ್ನು ಪ್ರಶಿಕ್ಷಣಾರ್ಥಿಗಳ ಮುಂದಿಡುವುದು, ಅದನ್ನು ಪಾಠ ಯೋಜನೆಯೊಳಗೆ ಹೇಗೆ ತರಬಹುದೆಂದು ತೋರಿಸುವುದು ಈ ಬರಹದ ಉದ್ದೇಶ.

ಓಡಿದಾಗ ಎದೆಯಲ್ಲಿ ಏನಾಗುತ್ತದೆ?

ಸುಮ್ಮನೆ ಕುಳಿತಾಗ ನಾವು ಮೂಗಿನಿಂದ ಉಸಿರಾಡುತ್ತೇವೆ. ಒಳಗೆ ಹೋಗುವ ಗಾಳಿಯನ್ನು ಮೂಗು ಬೆಚ್ಚಗೆ ಮಾಡುತ್ತದೆ, ತೇವ ಮಾಡುತ್ತದೆ, ದೂಳನ್ನು ತಡೆಯುತ್ತದೆ. ಜೋರಾಗಿ ಓಡುವಾಗ ಮೂಗು ಸಾಲದೆ ಬಾಯಿಂದಲೂ ಗಾಳಿ ಎಳೆಯುತ್ತೇವೆ. ಆಗ ತಣ್ಣಗಿನ, ಒಣ ಗಾಳಿ ನೇರವಾಗಿ ಶ್ವಾಸನಾಳಗಳಿಗೆ ಇಳಿಯುತ್ತದೆ. ಅದನ್ನು ಬೆಚ್ಚಗೆ ಮತ್ತು ತೇವ ಮಾಡುವ ಕೆಲಸದಲ್ಲಿ ನಾಳದ ಒಳಪದರದ ನೀರು ಆರುತ್ತದೆ. ಅಲ್ಲಿರುವ ಮಾಸ್ಟ್ ಕೋಶ ಮೊದಲಾದ ಕೋಶಗಳು ಕೆರಳಿ ಹಿಸ್ಟಮಿನ್‌ನಂಥ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಅವುಗಳಿಂದ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ಹೊರಬರುವಾಗ ಕುಯ್ ಎಂಬ ಶಿಳ್ಳೆಯಂಥ ಸದ್ದು ಕೇಳುತ್ತದೆ. ಉಬ್ಬಸ, ದಮ್ಮು, ಗೂರಲು ಎಂದು ನಮ್ಮ ಕಡೆ ಕರೆಯುವುದು ಇದನ್ನೇ.

ಇದು ಹೊಸ ತಿಳಿವಳಿಕೆಯೇನಲ್ಲ. ಓಟ ಮತ್ತು ದೈಹಿಕ ಶ್ರಮದಿಂದ ಉಬ್ಬಸ ಬರುವುದನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಕಪಡೋಸಿಯದ ವೈದ್ಯ ಅರೆಟೇಯಸ್ ಬರೆದಿಟ್ಟಿದ್ದಾನೆ.

ಸಾಮಾನ್ಯವಾಗಿ ಐದರಿಂದ ಎಂಟು ನಿಮಿಷ ಬಿಡದೆ ಜೋರಾಗಿ ಓಡಿದರೆ ಈ ಬಿಗಿತ ಬರುತ್ತದೆ. ಓಟ ನಿಂತ 5ರಿಂದ 10 ನಿಮಿಷದೊಳಗೆ ಅದು ಅತಿ ಹೆಚ್ಚಾಗಿರುತ್ತದೆ. ಬಹುಪಾಲು ಮಕ್ಕಳಲ್ಲಿ 30ರಿಂದ 60 ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಎಲ್ಲರಲ್ಲೂ ಶಿಳ್ಳೆ ಸದ್ದು ಕೇಳಿಸಲೇಬೇಕೆಂದಿಲ್ಲ. ಕೆಲವರಲ್ಲಿ ಬರೀ ಒಣ ಕೆಮ್ಮು, ಕೆಲವರಲ್ಲಿ ಎದೆ ಬಿಗಿತ, ಇನ್ನು ಕೆಲವರಲ್ಲಿ ‘ಸುಸ್ತು’ ಎಂಬ ಒಂದೇ ಮಾತು.

ಆರೋಗ್ಯವಂತ ಮಗುವಿನ ಏದುಸಿರಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಏದುಸಿರು ನಿಂತ ಕೂಡಲೇ ಇಳಿಯಲು ಶುರುವಾಗಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಉಬ್ಬಸ ನಿಂತ ಮೇಲೆ ಏರುತ್ತದೆ. ಒಂದು ಗಡಿಯಾರ ಇದ್ದರೆ ಯಾವ ಶಿಕ್ಷಕರಾದರೂ ಈ ವ್ಯತ್ಯಾಸವನ್ನು ಕಾಣಬಹುದು. ಹಾಗೆಂದು ರೋಗ ನಿರ್ಣಯ ನಮ್ಮ ಕೆಲಸವಲ್ಲ. ರಕ್ತಹೀನತೆ, ಹೃದಯದ ತೊಂದರೆ, ಅಭ್ಯಾಸವಿಲ್ಲದ ಮೈ, ಕಟ್ಟಿದ ಮೂಗು ಇವೂ ಮಗುವನ್ನು ಬೇಗ ದಣಿಸುತ್ತವೆ. ಕಂಡದ್ದನ್ನು ಸಮಯಸಹಿತ ಬರೆದು ಪೋಷಕರಿಗೂ ವೈದ್ಯರಿಗೂ ತಲುಪಿಸುವುದು ಮಾತ್ರ ನಮ್ಮದು. ಹೀಗೆ ಬರೆದದ್ದು ವೈದ್ಯರಿಗೆ ತುಂಬ ಉಪಯುಕ್ತ. ಏಕೆಂದರೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮಗುವಿನ ಎದೆ ಶಾಂತವಾಗಿರುತ್ತದೆ, ಸ್ಟೆತಾಸ್ಕೋಪಿಗೆ ಏನೂ ಕೇಳುವುದಿಲ್ಲ.

ನಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು?

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಸುಮಾರು 20,000 ಮಕ್ಕಳ ವಿವರಗಳನ್ನು ಪ್ರಕಟಿಸಿದ್ದಾರೆ. ಅವರಲ್ಲಿ ಅಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ಶೇ. 9, 1989ರಲ್ಲಿ ಶೇ. 18.5, 1999ರಲ್ಲಿ ಶೇ. 29.5. ಇನ್ನೊಂದು ಕಡೆ, ಗ್ಲೋಬಲ್ ಅಸ್ತಮಾ ನೆಟ್‌ವರ್ಕ್ ದೇಶದ ಒಂಬತ್ತು ಕೇಂದ್ರಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಆ ಕೇಂದ್ರಗಳಲ್ಲಿ ನಮ್ಮ ಮೈಸೂರೂ ಒಂದು. ಅದರಲ್ಲಿ 6–7 ವರ್ಷದ ಮತ್ತು 13–14 ವರ್ಷದ ಮಕ್ಕಳಲ್ಲಿ ಉಬ್ಬಸ ಇದ್ದವರು ಶೇ. 3ರಿಂದ 4ರ ನಡುವೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಪ್ರಶಿಕ್ಷಣಾರ್ಥಿಗಳಿಗೆ ತೋರಿಸಿದರೆ ‘ಯಾವುದು ಸರಿ ಸರ್?’ ಎಂದು ಕೇಳುತ್ತಾರೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಮೊದಲನೆಯದು ಕಾಯಿಲೆ ಎಂದು ಆಸ್ಪತ್ರೆಯ ಬಾಗಿಲಿಗೆ ಬಂದ ಮಕ್ಕಳ ಲೆಕ್ಕ. ಎರಡನೆಯದು ಶಾಲೆಯ ಮಕ್ಕಳ ಲೆಕ್ಕ. ನಮಗೆ ಬೇಕಾದದ್ದು ಎರಡನೆಯದು: 40 ಮಕ್ಕಳ ತರಗತಿಯಲ್ಲಿ ಒಬ್ಬರೋ ಇಬ್ಬರೋ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಶಿಕ್ಷಕರನ್ನು ನೇರವಾಗಿ ತಟ್ಟುವಂಥದ್ದು. ಉಬ್ಬಸ ಇದ್ದವರಲ್ಲಿ ಶೇ. 82ರಷ್ಟು ಜನಕ್ಕೆ ಅದು ಅಸ್ತಮಾ ಎಂದು ಯಾರೂ ಗುರುತಿಸಿರಲೇ ಇಲ್ಲ. ಎಂದರೆ ನಮ್ಮ ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರು ಇದೆ, ಆರೋಗ್ಯ ಕಾರ್ಡಿನಲ್ಲಿ ಕಾಯಿಲೆಯ ಹೆಸರು ಇಲ್ಲ.

ಪಾಠ ಯೋಜನೆಯಲ್ಲಿ ಮಾಡಿಕೊಂಡ ಬದಲಾವಣೆ

ಕಳೆದ ಡಿಸೆಂಬರಿನಲ್ಲಿ ನಗರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಮ್ಮ ಒಬ್ಬ ಪ್ರಶಿಕ್ಷಣಾರ್ಥಿ ಈ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದರು. ಯೋಜನೆಯ ‘ಅನ್ವೇಷಣೆ’ ಹಂತದಲ್ಲಿ ‘ಮಕ್ಕಳನ್ನು ಮೈದಾನದಲ್ಲಿ ಎರಡು ಸುತ್ತು ಓಡಿಸುವುದು’ ಎಂದಿತ್ತು. ಇಬ್ಬರೂ ಕುಳಿತು ವೇಳಾಪಟ್ಟಿ ನೋಡಿದೆವು. ಬುಧವಾರ ಎರಡನೇ ಪಿರಿಯಡ್ ದೈಹಿಕ ಶಿಕ್ಷಣ, ಮೂರನೆಯದು ಕನ್ನಡ. ಕನ್ನಡ ಶಿಕ್ಷಕಿಯನ್ನು ಕೇಳಿ ಆ ಒಂದು ದಿನ ಮೂರನೇ ಪಿರಿಯಡ್ಡನ್ನು ವಿಜ್ಞಾನಕ್ಕೆ ಪಡೆದೆವು. ಮಕ್ಕಳು ಹೇಗೂ ಖೋ ಖೋ ಆಡಿ ಬರುತ್ತಾರೆ. ಪಾಠಕ್ಕಾಗಿ ಯಾರನ್ನೂ ಓಡಿಸಬೇಕಾಗಿಲ್ಲ. ಅವರು ಬಂದ ಕ್ಷಣದಿಂದ ಎಣಿಕೆ ಶುರು ಮಾಡಿದರಾಯಿತು.

ಎಣಿಕೆಯನ್ನು ಒಂದಕ್ಕೆ ನಿಲ್ಲಿಸದೆ ನಾಲ್ಕು ಮಾಡಿಕೊಂಡೆವು: ಬಂದ ಕೂಡಲೇ, 5 ನಿಮಿಷಕ್ಕೆ, 10 ನಿಮಿಷಕ್ಕೆ, 20 ನಿಮಿಷಕ್ಕೆ. ತನ್ನ ಉಸಿರನ್ನು ತಾನೇ ಎಣಿಸಿದರೆ ಗಮನ ಹೋಗಿ ಉಸಿರಿನ ಲಯ ಬದಲಾಗುತ್ತದೆ. ಆದ್ದರಿಂದ ಪಕ್ಕದವರು ಹೆಗಲಿನ ಏರಿಳಿತ ನೋಡಿ ಎಣಿಸುವುದೆಂದು ಗೊತ್ತು ಮಾಡಿದೆವು. ಹಿಂದಿನ ದಿನವೇ ತರಗತಿಯಲ್ಲಿ ಕುಳಿತಿರುವಾಗಿನ ಎಣಿಕೆಯನ್ನು ತೆಗೆದಿಟ್ಟುಕೊಂಡೆವು.

ಅದೇ ದಿನ ಪ್ರಶಿಕ್ಷಣಾರ್ಥಿ ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿದರು. ಅದರಲ್ಲಿ ಮೂರೇ ಪ್ರಶ್ನೆ. ಓಡಿದ ಮೇಲೆ ಕೆಮ್ಮು ಅಥವಾ ಎದೆಯಲ್ಲಿ ಸದ್ದು ಬರುತ್ತದೆಯೇ? ನೆಗಡಿ ಇಲ್ಲದಿದ್ದರೂ ರಾತ್ರಿ ಒಣ ಕೆಮ್ಮು ಬರುತ್ತದೆಯೇ? ಉಸಿರಾಟಕ್ಕೆ ಔಷಧ ಅಥವಾ ಪಂಪು ಬಳಸುತ್ತೀರಾ? ಮೊದಲ ಎರಡು ಪ್ರಶ್ನೆಗಳು ನಮ್ಮ ಕಲ್ಪನೆಯಲ್ಲ. 1990ರ ದಶಕದಿಂದ ಜಗತ್ತಿನ ಅನೇಕ ದೇಶಗಳ ಶಾಲೆಗಳಲ್ಲಿ ನಡೆದ ‘ಐಸಾಕ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಪ್ರಶ್ನಾವಳಿಯಲ್ಲಿ ಇದೇ ಅರ್ಥದ ಪ್ರಶ್ನೆಗಳಿವೆ. ಒಬ್ಬ ಹುಡುಗನ ಚೀಟಿಯಲ್ಲಿ ಮಾತ್ರ ‘ಪಂಪು ಇದೆ’ ಎಂದು ಬಂತು. ಅವನ ಪಂಪು ಬ್ಯಾಗಿನಲ್ಲಿದೆ ಎಂದು ಖಚಿತ ಮಾಡಿಕೊಂಡು, ಮನೆಯವರ ಫೋನ್ ಸಂಖ್ಯೆ ಬರೆದುಕೊಂಡೆವು.

ಕಲಿಕೋಪಕರಣವಾಗಿ ಎರಡು ಸ್ಟ್ರಾ: ಎಳನೀರು ಕುಡಿಯುವ ದಪ್ಪನೆಯದು, ಪೊಟ್ಟಣದ ಜ್ಯೂಸಿನ ಜೊತೆ ಬರುವ ಸಣ್ಣದು. ಒಂದೇ ಅಳತೆಯ ಎರಡು ಲೋಟ ನೀರನ್ನು ಇಬ್ಬರು ಮಕ್ಕಳು ಈ ಸ್ಟ್ರಾಗಳಿಂದ ಕುಡಿಯಬೇಕು, ಉಳಿದವರು ಸಮಯ ನೋಡಬೇಕು. ಕೆಲವು ಕೈಪಿಡಿಗಳಲ್ಲಿ ಮಕ್ಕಳು ಮೂಗು ಮುಚ್ಚಿ ಸ್ಟ್ರಾದಿಂದ ಉಸಿರಾಡುವ ಚಟುವಟಿಕೆ ಇರುತ್ತದೆ. ಯಾವ ಮಗುವಿನ ಎದೆ ಹೇಗಿದೆಯೆಂದು ತಿಳಿಯದ ತರಗತಿಯಲ್ಲಿ ಅದು ಬೇಡ. ನೀರಿನ ಸ್ಟ್ರಾ ಅದೇ ತತ್ವವನ್ನು ಅಪಾಯವಿಲ್ಲದೆ ಹೇಳುತ್ತದೆ. ಸರಾಗವಾಗಿ ಹರಿಯುವಾಗ ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ತಡೆ 16 ಪಟ್ಟು ಆಗುತ್ತದೆ ಎಂಬ ನಿಯಮವನ್ನು ಏಳನೇ ತರಗತಿಗೆ ಹೇಳಬೇಕಾಗಿಲ್ಲ. ಆದರೆ ಹೇಳುವವರಿಗೆ ಗೊತ್ತಿರಬೇಕು.

ತರಗತಿಯಲ್ಲಿ ನಡೆದದ್ದು

ನಾನು ಕೊನೆಯ ಬೆಂಚಿನಲ್ಲಿ ವೀಕ್ಷಣಾ ಹಾಳೆ ಹಿಡಿದು ಕುಳಿತಿದ್ದೆ. ಮಕ್ಕಳು ಮೈದಾನದಿಂದ ಬಂದರು, ಬೆವರು ಒರೆಸಿಕೊಳ್ಳುತ್ತಲೇ ಎಣಿಕೆ ಶುರುವಾಯಿತು. ಮೊದಲ ಎಣಿಕೆಯಲ್ಲಿ ಎಲ್ಲರದ್ದೂ ಏರಿತ್ತು. ಐದು ನಿಮಿಷಕ್ಕೆ ಬಹುತೇಕರದು ಇಳಿಯಿತು. ಹತ್ತು ನಿಮಿಷದ ಎಣಿಕೆ ಮುಗಿದಾಗ ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

“ಮಿಸ್, ಇವಳದ್ದು ಕಮ್ಮಿ ಆಗ್ತಾನೇ ಇಲ್ಲ. ಮೊದ್ಲು ಮೂವತ್ನಾಕಿತ್ತು, ಆಮೇಲೆ ಮೂವತ್ತಾಯ್ತು, ಈಗ ಮೂವತ್ತಾರು. ನಾನೇ ತಪ್ಪು ಎಣಿಸಿದ್ನಾ?”

ಪ್ರಶಿಕ್ಷಣಾರ್ಥಿ ಹತ್ತಿರ ಹೋಗಿ ನೋಡಿದರು. ಪಕ್ಕದಲ್ಲಿ ಕುಳಿತವಳು ಮೇಜಿನ ಮೇಲೆ ಎರಡೂ ಕೈ ಊರಿ, ಹೆಗಲು ಎತ್ತಿಕೊಂಡು ಉಸಿರೆಳೆಯುತ್ತಿದ್ದಳು. ನಡುನಡುವೆ ಒಣ ಕೆಮ್ಮು. ಅವಳ ಚೀಟಿಯಲ್ಲಿ ಮೂರು ಪ್ರಶ್ನೆಗೂ ‘ಇಲ್ಲ’ ಎಂದಿತ್ತು.

“ನೀನು ಎಣಿಸಿದ್ದು ಸರಿಯಾಗಿದೆ. ಹಾಗೇ ಬರ್ಕೋ,” ಎಂದರು ಪ್ರಶಿಕ್ಷಣಾರ್ಥಿ. ನನ್ನ ಹಾಳೆಯಲ್ಲಿ ಆ ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ. ನಿರೀಕ್ಷೆಗೆ ಹೊಂದದ ಅಂಕಿ ಬಂದಾಗ ‘ಇನ್ನೊಂದ್ಸಲ ಸರಿಯಾಗಿ ಎಣಿಸು’ ಎನ್ನುವುದು ನಮ್ಮ ತರಗತಿಗಳ ರೂಢಿ. ಇಲ್ಲಿ ಹಾಗೆ ಅಂದಿದ್ದರೆ ವಿಜ್ಞಾನವೂ ಹೋಗುತ್ತಿತ್ತು, ಮಗುವಿನ ತೊಂದರೆಯೂ ಮುಚ್ಚಿಹೋಗುತ್ತಿತ್ತು.

ಹುಡುಗಿಯನ್ನು ಕಿಟಕಿಯ ಹತ್ತಿರ ನೆಟ್ಟಗೆ ಕೂರಿಸಿ, ನಿಧಾನವಾಗಿ ಉಸಿರು ಬಿಡಲು ಹೇಳಿದರು. ಹೆಸರು, ಮನೆ ಇರುವ ಬೀದಿ ಕೇಳಿದರು. ಪೂರ್ತಿ ವಾಕ್ಯದಲ್ಲಿ ಉತ್ತರ ಬಂತು. ತುಟಿ, ಉಗುರಿನ ಬಣ್ಣ ಸರಿಯಾಗಿತ್ತು. ಅಷ್ಟರಲ್ಲಿ ಮೂರನೇ ಬೆಂಚಿನ ಹುಡುಗ, ಚೀಟಿಯಲ್ಲಿ ‘ಪಂಪು ಇದೆ’ ಎಂದು ಬರೆಸಿಕೊಂಡು ಬಂದಿದ್ದವನು, ಪೆನ್ಸಿಲ್ ಡಬ್ಬಿಯಿಂದ ನೀಲಿ ಪಂಪನ್ನು ತೆಗೆದು ಹಿಡಿದು, “ನಂದು ಕೊಡ್ಲಾ ಮಿಸ್?” ಎಂದ. ಅದುವರೆಗೆ ಅವನ ಹತ್ತಿರ ಪಂಪು ಇದೆಯೆಂದು ತರಗತಿಗೆ ಗೊತ್ತಿರಲಿಲ್ಲ. ಹುಡುಗಿ ಮಾತಾಡುತ್ತಿದ್ದಳು, ತೀವ್ರ ತೊಂದರೆಯ ಲಕ್ಷಣ ಇರಲಿಲ್ಲ, ಅವಳಿಗೆ ಆ ಔಷಧವನ್ನು ವೈದ್ಯರು ಹೇಳಿರಲಿಲ್ಲ. ಆದ್ದರಿಂದ ಅದನ್ನು ಬಳಸುವ ಅಗತ್ಯ ಬೀಳಲಿಲ್ಲ. “ನಿನ್ನ ಹತ್ರ ಇರ್ಲಪ್ಪ. ಕೇಳಿದ್ದಕ್ಕೆ ಸಂತೋಷ,” ಎಂದು ಹೇಳಿ ಅವನನ್ನು ಕೂರಿಸಿದರು. ಮುಖ್ಯ ಶಿಕ್ಷಕಿಗೆ ಸುದ್ದಿ ಮುಟ್ಟಿಸಲು ಒಬ್ಬ ವಿದ್ಯಾರ್ಥಿಯನ್ನು ಕಳಿಸಿದರು.

20 ನಿಮಿಷದ ಎಣಿಕೆಯಲ್ಲಿ ಅವಳ ಅಂಕಿ 28ಕ್ಕೆ ಇಳಿದಿತ್ತು. ಪಿರಿಯಡ್ ಮುಗಿಯುವ ಹೊತ್ತಿಗೆ ಕೆಮ್ಮು ನಿಂತಿತ್ತು. ಆಮೇಲೆ ಸ್ಟ್ರಾಗಳ ಚಟುವಟಿಕೆ ನಡೆಯಿತು. ‘ಕೆಲವರ ಶ್ವಾಸನಾಳ ಓಡಿದ ಮೇಲೆ ಸ್ವಲ್ಪ ಹೊತ್ತು ಈ ಸಣ್ಣ ಸ್ಟ್ರಾ ಥರ ಆಗುತ್ತೆ, ಔಷಧದಿಂದ ಮತ್ತೆ ದೊಡ್ಡ ಸ್ಟ್ರಾ ಥರ ಆಗುತ್ತೆ’ ಎಂಬಷ್ಟರಲ್ಲಿ ವಿವರಣೆ ಮುಗಿಯಿತು. ಯಾವ ಮಗುವಿನ ಹೆಸರನ್ನೂ ಹೇಳಲಿಲ್ಲ, ‘ರೋಗಿ’ ಎಂಬ ಪದ ಬರಲಿಲ್ಲ.

ಸಂಜೆ ಶಿಕ್ಷಕರ ಕೊಠಡಿಯಲ್ಲಿ ಕನ್ನಡ ಶಿಕ್ಷಕಿ ಹೇಳಿದರು: “ಬುಧವಾರ ನನ್ನ ಪಿರಿಯಡ್ಡಲ್ಲೇ ಅವಳಿಗೆ ಕೆಮ್ಮು ಬರೋದು ಸರ್. ಓದು ಅಂದ್ರೆ ಕೆಮ್ಮು. ಓದೋಕೆ ಕಳ್ಳಾಟ ಅಂದ್ಕೊಂಡಿದ್ದೆ.” ದೈಹಿಕ ಶಿಕ್ಷಕರ ವಹಿಯಲ್ಲಿ ‘ಆಟದಲ್ಲಿ ಆಸಕ್ತಿ ಕಡಿಮೆ’ ಎಂದಿತ್ತು. ಇಬ್ಬರೂ ಕಂಡದ್ದನ್ನೇ ಹೇಳಿದ್ದರು. ಒಬ್ಬರು ಕಂಡದ್ದು ಆಟ, ಇನ್ನೊಬ್ಬರು ಕಂಡದ್ದು ಕೆಮ್ಮು. ನಡುವಿನ ಹತ್ತು ನಿಮಿಷವನ್ನು ಎರಡೂ ಸೇರಿಸಿ ನೋಡುವವರು ಇರಲಿಲ್ಲ.

ಮನೆಯವರ ಜೊತೆ ಮಾತು

ಮರುದಿನ ತಾಯಿ ಬಂದರು. “ಅವ್ಳದ್ದು ಶೀತದ ಮೈ ಮೇಡಂ. ಚಳಿಗಾಲ ಬಂದ್ರೆ ಕೆಮ್ಮು ಇದ್ದಿದ್ದೇ. ಸಿರಪ್ ಕುಡಿಸ್ತೀವಿ,” ಎಂದು ಮುಖ್ಯ ಶಿಕ್ಷಕಿಗೆ ಹೇಳಿದರು. ಪಂಪಿನ ಮಾತು ಬಂದಾಗ ಮುಖ ಬಾಡಿತು. “ಅದ್ನ ಒಂದ್ಸಲ ಹಿಡಿದ್ರೆ ಸಾಯೋವರ್ಗೂ ಬಿಡಲ್ಲ ಅಂತಾರೆ. ಹೆಣ್ಮಗು ಬೇರೆ. ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳೋದು?”

ಚೀಟಿಯಲ್ಲಿ ಮೂರು ‘ಇಲ್ಲ’ ಬಂದದ್ದು ಏಕೆಂದು ಆಗ ತಿಳಿಯಿತು. ಈ ಭಯ ಒಂದು ಮನೆಯದಲ್ಲ. ಮೃಗಶಿರ ಕಾರ್ತೆಯಂದು ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಕ್ಕಾಗಿ ನಮ್ಮ ರಾಜ್ಯದಿಂದಲೂ ಜನ ಹೋಗುವುದರ ಹಿಂದೆ ಇದೇ ಆಸೆ ಇದೆ: ಒಂದೇ ಸಲಕ್ಕೆ ಮುಗಿದುಹೋಗಲಿ, ಪಂಪು ಬೇಡ. ಶಿಕ್ಷಕರು ಈ ಆಸೆಯನ್ನು ಗೇಲಿ ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮುಖ್ಯ ಶಿಕ್ಷಕಿ ಗೇಲಿ ಮಾಡಲಿಲ್ಲ. ನಾಲ್ಕು ಎಣಿಕೆಯ ಹಾಳೆಯನ್ನು ತಾಯಿಯ ಮುಂದಿಟ್ಟು, ಬೇರೆ ಮಕ್ಕಳ ಅಂಕಿ, ಮಗಳ ಅಂಕಿ ಎರಡನ್ನೂ ತೋರಿಸಿದರು. ತಾಯಿ ಅಂಕಿಗಳನ್ನು ಬೆರಳಿಟ್ಟು ನೋಡಿದರು. “ಇದ್ನ ಡಾಕ್ಟ್ರಿಗೆ ತೋರಿಸ್ಬೋದಾ?” ಎಂದು ಅವರೇ ಕೇಳಿದರು. ಆ ಹಾಳೆಯ ಪ್ರತಿಯನ್ನು ಹಿಡಿದುಕೊಂಡು ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋದರು.

ಪೋಷಕರೊಂದಿಗೆ ಮಾತಾಡುವಾಗ ಶಿಕ್ಷಕರಿಗೆ ತಿಳಿದಿರಬೇಕಾದ ಸಂಗತಿಗಳು ಇಷ್ಟು. ಪಂಪು ಚಟವಾಗುವುದಿಲ್ಲ. ಮಾತ್ರೆ, ಸಿರಪ್ ಇಡೀ ದೇಹಕ್ಕೆ ಹೋಗುತ್ತವೆ. ಪಂಪಿನ ಔಷಧ ಬೇಕಾದ ಜಾಗಕ್ಕೇ ಹೋಗುವುದರಿಂದ ತೀರ ಕಡಿಮೆ ಪ್ರಮಾಣ ಸಾಕು. ಪಂಪಿನಲ್ಲಿ ಎರಡು ಬಗೆ. ಸಾಲ್ಬ್ಯುಟಮಾಲ್‌ನಂಥದ್ದು ಬಿಗಿದ ನಾಳವನ್ನು ಕೂಡಲೇ ಸಡಿಲಿಸುತ್ತದೆ. ಸ್ಟೀರಾಯ್ಡ್ ಇರುವುದು ನಾಳದ ಉರಿಯೂತವನ್ನು ದಿನದಿನವೂ ತಗ್ಗಿಸುತ್ತದೆ. ವೈದ್ಯರು ಎರಡನೆಯದನ್ನು ಹೇಳಿದ್ದರೆ ಆರಾಮಾಗಿದೆ ಎಂದು ಅದನ್ನು ನಿಲ್ಲಿಸಬಾರದು. ಆಟದಲ್ಲಿ ಪದೇಪದೇ ಉಬ್ಬಸ ಬರುವುದು ಅಸ್ತಮಾ ಹತೋಟಿಯಲ್ಲಿಲ್ಲ ಎಂಬುದರ ಸೂಚನೆಯೂ ಇರಬಹುದು.

ಪಂಪಿನ ಔಷಧ ಗಂಟಲಲ್ಲೇ ಉಳಿಯದೆ ಶ್ವಾಸಕೋಶಕ್ಕೆ ಇಳಿಯಲು ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಬೇಕು. ಕೊಳ್ಳಲಾಗದವರಿಗೆ ಒಂದು ಸಮಾಧಾನ: ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 500 ಮಿಲಿಲೀಟರಿನ ಸಾಮಾನ್ಯ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಹಿಡಿಸುವ ತೂತು ಮಾಡಿ, ಸಂದನ್ನು ಅಂಟಿನಿಂದ ಮುಚ್ಚಿ ಬಳಸಿದಾಗ ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು.

ಕೂರಿಸುವುದು ಪರಿಹಾರವಲ್ಲ

ಉಬ್ಬಸ ಎಂದು ಗೊತ್ತಾದ ಕೂಡಲೇ ಶಾಲೆಗಳು ಮಾಡುವ ಮೊದಲ ಕೆಲಸ ಮಗುವನ್ನು ಮರದ ಕೆಳಗೆ ಕೂರಿಸಿ ಅಂಕ ಬರೆಯುವ ಕೆಲಸ ಕೊಡುವುದು. ಇದರಲ್ಲಿ ಕಾಳಜಿ ಇದೆ, ಆದರೆ ಉಪಕಾರವಿಲ್ಲ. ಆಡದ ಮಗುವಿನ ದೇಹ ಸಣ್ಣ ಶ್ರಮಕ್ಕೂ ದಣಿಯುವಂತಾಗುತ್ತದೆ, ಗೆಳೆಯರ ಗುಂಪಿನಿಂದ ದೂರವಾಗುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ 597 ಕ್ರೀಡಾಪಟುಗಳಲ್ಲಿ 67 ಮಂದಿಗೆ ವ್ಯಾಯಾಮದಿಂದ ಉಬ್ಬಸ ಬರುವ ತೊಂದರೆ ಇತ್ತು. ಆ 67 ಮಂದಿ ಸೇರಿ ಗೆದ್ದ ಪದಕಗಳು 41. ಆರು ಒಲಿಂಪಿಕ್ ಪದಕ ಗೆದ್ದ ಜಾಕಿ ಜಾಯ್ನರ್ ಕರ್ಸಿಗೂ ಅಸ್ತಮಾ ಇತ್ತು. ಇದನ್ನು ಮಕ್ಕಳಿಗೆ ಹೇಳಿ.

ಕೂರಿಸುವ ಬದಲು ಸಿದ್ಧಪಡಿಸಬಹುದು. ಆಟಕ್ಕೆ ಮೊದಲು 10–15 ನಿಮಿಷ ನಿಧಾನ ಓಟ, ನಡುವೆ ಸಣ್ಣ ಬಿರುಸು, ಮತ್ತೆ ನಡಿಗೆ ಹೀಗೆ ಮೈ ಬೆಚ್ಚಗೆ ಮಾಡಿಸಿದರೆ ಅನೇಕ ಮಕ್ಕಳಲ್ಲಿ ಉಬ್ಬಸ ಕಡಿಮೆಯಾಗುತ್ತದೆ. ವೈದ್ಯರು ಹೇಳಿದ್ದರೆ ಆಟಕ್ಕೆ ಸುಮಾರು 15 ನಿಮಿಷ ಮೊದಲು ಪಂಪು ತೆಗೆದುಕೊಳ್ಳಲು ಮಗುವಿಗೆ ಅವಕಾಶ ಬೇಕು. ಅದಕ್ಕಾಗಿ ಹಿಂದಿನ ಪಿರಿಯಡ್ಡಿನ ಶಿಕ್ಷಕರು ಐದು ನಿಮಿಷ ಬಿಡಬೇಕು. ಆಟ ಮುಗಿದಾಗ ಥಟ್ಟನೆ ನಿಲ್ಲಿಸದೆ ನಡೆಸುತ್ತಾ ತಣಿಸಬೇಕು. ಬಿಡದೆ ಓಡುವ ದೂರದ ಓಟಗಳಿಗಿಂತ, ಸ್ವಲ್ಪ ಓಡಿ ಸ್ವಲ್ಪ ನಿಲ್ಲುವ ಕಬಡ್ಡಿ, ಕ್ರಿಕೆಟ್, ವಾಲಿಬಾಲ್‌ಗಳು ಇಂಥ ಮಕ್ಕಳಿಗೆ ಸುಲಭ. ಖೋ ಖೋದಲ್ಲಿ ಕೂರುವ, ಏಳುವ ಸರದಿ ಇರುವುದರಿಂದ ಅಟ್ಟುವ ತಂಡದಲ್ಲಿ ಆಡಿ ಶುರು ಮಾಡಬಹುದು.

ಮೈಸೂರಿನ ಹವೆ ಹಿತವಾದದ್ದು ನಿಜ. ಆದರೂ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಉಷ್ಣತೆ 16 ಡಿಗ್ರಿಯ ಆಸುಪಾಸಿಗೆ ಇಳಿದು ಗಾಳಿ ಒಣಗಿರುತ್ತದೆ. ಅಂಥ ದಿನಗಳಲ್ಲಿ ಓಟವನ್ನು ಬಿಸಿಲು ಬಂದ ಮೇಲಿನ ಪಿರಿಯಡ್ಡಿಗೆ ಇಟ್ಟುಕೊಳ್ಳಬಹುದು. ಖಾಲಿ ಸೈಟುಗಳಲ್ಲಿ, ಮೈದಾನದ ಅಂಚಿನಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ ಎಂಬ ಪಾರ್ಥೇನಿಯಂನ ಪರಾಗ ಅಲರ್ಜಿ ತರುವಂಥದ್ದು. ಶ್ರಮದಾನದ ಹೆಸರಿನಲ್ಲಿ ಅದನ್ನು ಮಕ್ಕಳಿಂದ ಕೀಳಿಸಬಾರದು. ಮಕ್ಕಳು ಒಳಗಿರುವಾಗ ತರಗತಿ ಗುಡಿಸುವುದು, ಡಸ್ಟರನ್ನು ಗೋಡೆಗೆ ಬಡಿಯುವುದೂ ಬೇಡ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸುವ ಪ್ರವಾಸದಲ್ಲಿ ಪಂಪು ಮಗುವಿನ ಕೈಯಲ್ಲಿರಬೇಕು, ಬಸ್ಸಿನಲ್ಲಿ ಬಿಟ್ಟ ಬ್ಯಾಗಿನಲ್ಲಲ್ಲ. ಈ ಊರಿನ ಶಾಲೆಗಳಲ್ಲಿ ಯೋಗ, ಪ್ರಾಣಾಯಾಮದ ರೂಢಿ ಚೆನ್ನಾಗಿದೆ. ಅದು ಮುಂದುವರಿಯಲಿ, ಆದರೆ ವೈದ್ಯರು ಕೊಟ್ಟ ಔಷಧದ ಬದಲಿಗೆ ಅಲ್ಲ.

ತೊಂದರೆ ಹೆಚ್ಚಾದಾಗ

ಮಗುವನ್ನು ನೆಟ್ಟಗೆ ಕೂರಿಸಿ. ಮಲಗಿಸಬೇಡಿ, ಒಂಟಿಯಾಗಿ ಬಿಡಬೇಡಿ, ಸುತ್ತ ಗುಂಪು ಸೇರಲು ಬಿಡಬೇಡಿ. ಅದರದೇ ನೀಲಿ ಪಂಪು ಇದ್ದರೆ ಸ್ಪೇಸರ್ ಮೂಲಕ ಕೊಡಿ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಕಲಿಸುವ ‘ನಾಲ್ಕು-ನಾಲ್ಕು-ನಾಲ್ಕು’ ಕ್ರಮ ನೆನಪಿಡಲು ಸುಲಭ: ಒಂದೊಂದಾಗಿ ನಾಲ್ಕು ಸಲ ಒತ್ತುವುದು, ಪ್ರತಿ ಒತ್ತಿಗೆ ನಾಲ್ಕು ಉಸಿರು, ಆಮೇಲೆ ನಾಲ್ಕು ನಿಮಿಷ ಕಾಯುವುದು. ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಇದೇ ಕ್ರಮ ಮುಂದುವರಿಸಿ. ಮಗು ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದುಕೊಂಡರೆ, ಮಂಪರು ಬಂದಂತಾದರೆ ಕಾಯದೆ ಮೊದಲೇ 108 ಕರೆಯಿರಿ. ಜೋರಾಗಿದ್ದ ಸದ್ದು ಥಟ್ಟನೆ ನಿಂತು ಮಗು ಇನ್ನೂ ಉಸಿರಿಗೆ ಒದ್ದಾಡುತ್ತಿದ್ದರೆ ಅದು ಗುಣವಲ್ಲ, ಅಪಾಯದ ಚಿಹ್ನೆ.

ಪ್ರಶಿಕ್ಷಣಾರ್ಥಿಗಳಿಗೂ ಬೋಧಕರಿಗೂ ಒಂದು ಸಲಹೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮ ಗುರುತಿಸಬೇಕಾದ 30 ಸ್ಥಿತಿಗಳ ಪಟ್ಟಿಯಲ್ಲಿ ಶ್ವಾಸನಾಳ ಬಿಗಿಯುವ ಕಾಯಿಲೆಯೂ ಇದೆ. ಆದರೆ ತಂಡ ಬರುವ ದಿನ ಮಗು ಓಡಿರುವುದಿಲ್ಲ. ‘ಆಟವಾದ ಹತ್ತು ನಿಮಿಷಕ್ಕೆ ಕೆಮ್ಮು, ಮೂರು ಬುಧವಾರ’ ಎಂದು ಶಿಕ್ಷಕರು ಬರೆದಿಟ್ಟ ಒಂದು ಸಾಲು ಅವರ ಕೈಗೆ ಸಿಕ್ಕರೆ ಮಾತ್ರ ಅದು ಪಟ್ಟಿಗೆ ಸೇರುತ್ತದೆ.

ಹಾಗಾಗಿ ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ‘ಪೂರ್ವಜ್ಞಾನ’ದ ಕೆಳಗೆ ಒಂದು ಸಾಲು ಸೇರಿಸಬೇಕೆಂದು ನನ್ನ ಸಲಹೆ: ಈ ಪಿರಿಯಡ್ಡಿಗೆ ಮೊದಲು ಮಕ್ಕಳು ಏನು ಮಾಡಿ ಬರುತ್ತಾರೆ? ಉತ್ತರ ‘ಆಟ’ ಎಂದಾದರೆ ಮೊದಲ ಹದಿನೈದು ನಿಮಿಷದಲ್ಲಿ ಮೂರು ವಿಷಯ ನೋಡಬೇಕು. ಯಾರ ಕೆಮ್ಮು ಏರುತ್ತಿದೆ, ಯಾರು ಹೆಗಲೆತ್ತಿ ಉಸಿರಾಡುತ್ತಿದ್ದಾರೆ, ಯಾರು ಪ್ರಶ್ನೆಗೆ ತುಂಡು ತುಂಡಾಗಿ ಉತ್ತರಿಸುತ್ತಿದ್ದಾರೆ. ಕಂಡರೆ ದಿನಾಂಕ ಮತ್ತು ನಿಮಿಷಸಹಿತ ಬರೆಯಬೇಕು. ಪಾಠ ವೀಕ್ಷಣೆಗೆ ಹೋಗುವ ಬೋಧಕರು ಧ್ವನಿ, ಹಲಗೆ ಬಳಕೆ, ಪ್ರಶ್ನೆ ಕೇಳುವ ಕೌಶಲಕ್ಕೆ ಅಂಕ ಕೊಡುವಂತೆ ಇದಕ್ಕೂ ಕೊಡಲಿ.

ಆ ಶಾಲೆಯಲ್ಲಿ ಅಭ್ಯಾಸ ಬೋಧನೆ ಜನವರಿ ಕೊನೆಗೆ ಮುಗಿಯಿತು. ಹುಡುಗಿಗೆ ವೈದ್ಯರು ದಿನಕ್ಕೆರಡು ಸಲದ ಪಂಪನ್ನೂ ಆಟಕ್ಕೆ ಮೊದಲಿನದನ್ನೂ ಬರೆದುಕೊಟ್ಟಿದ್ದರು. ಚಳಿ ಹೆಚ್ಚಿದ ಬೆಳಗುಗಳಲ್ಲಿ ಅವಳಿಗೆ ಈಗಲೂ ಕೆಮ್ಮು ಬರುತ್ತದೆಂದು ಕನ್ನಡ ಶಿಕ್ಷಕಿ ಹೇಳಿದರು. ಕೊನೆಯ ವಾರ ದೈಹಿಕ ಶಿಕ್ಷಕರು ಖೋ ಖೋ ತಂಡದ ಹೆಸರು ಬರೆದುಕೊಳ್ಳುವಾಗ ಅವಳೂ ಕೈ ಎತ್ತಿದಳಂತೆ. ಅಟ್ಟುವ ಒಂಬತ್ತು ಜನರ ಪಟ್ಟಿಯಲ್ಲಿ ಅವಳ ಹೆಸರು ಎಂಟನೆಯದು.